ನೊಣದ ಮೂಗಿನ ನೇರಕ್ಕೆ

ಕೆಲಸವಿಲ್ಲದವನನ್ನು ನೊಣ ಹೊಡೆಯುತ್ತ ಕೂತಿದ್ದಾನೆ ಎನ್ನುತ್ತಾರೆ. ಆರು ವಾರ ನಾನು ಮಾಡಿದ್ದು ಅದಕ್ಕೂ ಒಂದು ಮೆಟ್ಟಿಲು ಕೆಳಗಿನ ಕೆಲಸ. ಒಂದನ್ನೂ ಹೊಡೆಯದೆ, ಅವು ಎತ್ತ ಹೋಗುತ್ತವೆ ಎಂದು ಎಣಿಸುತ್ತ ಕೂತೆ.

ಕಳಿತ ಬಾಳೆಹಣ್ಣಿನ ಸುತ್ತ ಸುಳಿಯುವ ಕೆಂಪುಕಣ್ಣಿನ ಪುಟ್ಟ ಹಣ್ಣುನೊಣ, ಅಂದರೆ ಡ್ರೊಸೊಫಿಲಾ ಮೆಲನೊಗ್ಯಾಸ್ಟರ್, ಸಂಗಾತಿಯನ್ನು ಗುರುತಿಸುವುದರಿಂದ ಹಿಡಿದು ಮೊಟ್ಟೆಗೆ ಜಾಗ ಆರಿಸುವವರೆಗೆ ವಾಸನೆಯನ್ನು ನೆಚ್ಚಿಕೊಂಡಿದೆ ಎಂದು ಓದಿದ್ದೆ. ಓದಿದ್ದನ್ನು ಕಣ್ಣಾರೆ ನೋಡಬೇಕೆಂಬ ಹಟಕ್ಕೆ ಬಿದ್ದು ಮೂರು ಸಲಕರಣೆ ಕಟ್ಟಿದೆ. ಎರಡು ವಾಸನೆಗಳ ನಡುವೆ ಆಯ್ಕೆ ಕೊಡುವ ಕವಲುನಳಿಕೆ, ಮೊಟ್ಟೆ ಇಡಿಸುವ ಪೆಟ್ಟಿಗೆ, ಗಂಡುಹೆಣ್ಣನ್ನು ಎದುರುಬದುರು ಕೂಡಿಸುವ ಕೋಣೆ. ಮೂರೂ ಮೊದಲ ಸಲ ಕೈಕೊಟ್ಟವು, ಅದೂ ಹೆಚ್ಚುಕಡಿಮೆ ಒಂದೇ ಕಾರಣಕ್ಕೆ. ಎಲ್ಲವನ್ನೂ ನಾನು ನನ್ನ ಮೂಗಿನ ನೇರಕ್ಕೆ ಕಟ್ಟಿದ್ದೆ.

ನೊಣ ಸಾಕುವುದು

ಇದರಲ್ಲಿ ಕಷ್ಟವೇನಿಲ್ಲ. ಬಾಟಲಿಯೊಳಗೆ ಹಣ್ಣಿನ ತುಂಡು, ಅದರ ಮೇಲೆ ಚಿಟಿಕೆ ಯೀಸ್ಟ್, ಬಾಯಿಗೆ ಕಾಗದದ ಆಲಿಕೆ. ಒಂದೇ ರಾತ್ರಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ನೊಣ ಬಿದ್ದವು. ಯೀಸ್ಟ್ ಹಾಕದೆ ಪಕ್ಕದಲ್ಲಿಟ್ಟ ಬಾಟಲಿಗೆ ಬಿದ್ದದ್ದು ಮೂರು. ಹೆಸರಿಗೆ ಹಣ್ಣುನೊಣವಾದರೂ ಇವು ಅರಸಿ ಬರುವುದು ಹಣ್ಣಿನ ಮೇಲೆ ಬೆಳೆಯುವ ಯೀಸ್ಟಿನ ವಾಸನೆಯನ್ನು. ಗಟ್ಟಿ ಕಾಯಿಯ ಸಿಪ್ಪೆ ಚುಚ್ಚಿ ಮೊಟ್ಟೆ ಇಟ್ಟು ತೋಟಗಾರರನ್ನು ಅಳಿಸುವ ದೊಡ್ಡ ಹಣ್ಣುನೊಣಗಳು ಬೇರೆಯೇ ಕುಟುಂಬದವು. ಅವುಗಳ ಪಾಪ ಇವುಗಳ ತಲೆಗೆ ಬೇಡ.

ಮೆಕ್ಕೆಜೋಳದ ಹಿಟ್ಟು, ಸಕ್ಕರೆ, ಯೀಸ್ಟ್, ಹೆಪ್ಪುಗಟ್ಟಿಸುವ ಅಗರ್ ಸೇರಿಸಿ ಕುದಿಸಿದ ಗಂಜಿಯನ್ನು ಬಾಟಲಿಗಳ ತಳಕ್ಕೆ ಎರೆದು ಆರಿಸಿದೆ. 25 ಡಿಗ್ರಿ ಸೆಲ್ಸಿಯಸ್ ಇದ್ದರೆ ಮೊಟ್ಟೆಯಿಂದ ರೆಕ್ಕೆ ಬಂದ ನೊಣದವರೆಗೆ ಸುಮಾರು 10 ದಿನ. ಗಂಡುಹೆಣ್ಣು ಬೇರ್ಪಡಿಸಲು ಬಾಟಲಿಯನ್ನು ಮಂಜುಗಡ್ಡೆಯಲ್ಲಿ ಹುಗಿದಿಟ್ಟರೆ ನೊಣಗಳು ಮರಗಟ್ಟಿ ಬೀಳುತ್ತವೆ. ಗಂಡಿನ ಹೊಟ್ಟೆಯ ತುದಿ ಕಪ್ಪು, ದುಂಡು. ಹೆಣ್ಣಿನದು ಪಟ್ಟೆಪಟ್ಟೆ, ಚೂಪು. ಸಂದೇಹ ಬಂದರೆ ಮುಂಗಾಲನ್ನು ಭೂತಗನ್ನಡಿಯಲ್ಲಿ ನೋಡಬೇಕು. ಗಂಡಿಗೆ ಅಲ್ಲಿ ಕಪ್ಪು ಬಾಚಣಿಗೆಯಂಥ ಮುಳ್ಳಿನ ಸಾಲು ಇರುತ್ತದೆ. ಇನ್ನೂ ಗಂಡಿನೊಡನೆ ಕೂಡದ ಹೆಣ್ಣು ಬೇಕಿದ್ದರೆ ಗೂಡಿನಂಥ ಕೋಶದಿಂದ ಹೊರಬಿದ್ದ ಎಂಟು ಗಂಟೆಯೊಳಗೆ ಬೇರೆ ಮಾಡಬೇಕು. ಆಮೇಲೆ ಮಾಡಿದರೆ ಯಾರ ಮಾತನ್ನೂ ನಂಬುವಂತಿಲ್ಲ.

ಕವಲುನಳಿಕೆ

ಅಕ್ವೇರಿಯಂ ಪಂಪಿನಿಂದ ಗಾಳಿ. ಆ ಗಾಳಿ ಸಕ್ರಿಯ ಇದ್ದಿಲಿನ ಡಬ್ಬಿಯನ್ನು ಹಾದು ಸ್ವಚ್ಛವಾಗಿ, ನೀರಿನ ಬಾಟಲಿಯಲ್ಲಿ ಗುಳ್ಳೆಯಾಗಿ ಎದ್ದು ತೇವ ಹೀರಿ, ಎರಡು ಪಾಲಾಗಿ ಎರಡು ಚಿಕ್ಕ ಗಾಜಿನ ಬಾಟಲಿಗಳಿಗೆ ಹೋಗುತ್ತದೆ. ಒಂದರಲ್ಲಿ ಪರೀಕ್ಷಿಸುವ ವಾಸನೆ, ಇನ್ನೊಂದರಲ್ಲಿ ಬರೀ ನೀರು ಹನಿಸಿದ ಹತ್ತಿ. ಅಲ್ಲಿಂದ ಎರಡೂ ಗಾಳಿ ಇಂಗ್ಲಿಷಿನ ವೈ ಅಕ್ಷರದಂಥ ಗಾಜಿನ ನಳಿಕೆಯ ಎರಡು ಕೈಗಳನ್ನು ಸೇರುತ್ತವೆ. ನೊಣವನ್ನು ಕಾಲಿನ ತುದಿಯಲ್ಲಿ ಬಿಟ್ಟರೆ ಅದು ಗಾಳಿಗೆದುರಾಗಿ ನಡೆದು, ಕವಲಿನಲ್ಲಿ ನಿಂತು, ವಾಸನೆ ಹಿಡಿಯುವ ಕುಡಿಮೀಸೆ ಆಡಿಸಿ, ಒಂದು ಕೈಯನ್ನು ಆರಿಸುತ್ತದೆ. ಎರಡು ಕೈಗಳ ಗಾಳಿ ಸಮವಾಗಿದೆಯೇ ಎಂದು ತಿಳಿಯಲು ನೀರು ತುಂಬಿದ ಬಾಟಲಿಯನ್ನು ಬಕೆಟ್ಟಿನಲ್ಲಿ ಬೋರಲು ಹಿಡಿದು, ಒಂದೊಂದೇ ಕೊಳವೆಯ ಗಾಳಿಯನ್ನು ಒಳಗೆ ಬಿಟ್ಟು, ನೀರು ಖಾಲಿಯಾಗುವ ಸಮಯ ನೋಡಿದೆ. ಎರಡೂ ಸಮ. ಎಲ್ಲ ಚಂದ.

ಎಡಬದಿಯ ಬಾಟಲಿಯ ಮುಚ್ಚಳದಲ್ಲಿ ಸಣ್ಣ ಸೋರಿಕೆಯಿತ್ತು. ಸಿಲಿಕೋನ್ ಸೀಲಂಟ್ ಮೆತ್ತಿದೆ. ಘಾಟು ಜೋರಾಗಿತ್ತು, ಎರಡು ದಿನ ಬಿಟ್ಟೆ. ಮೂಗು ಹತ್ತಿರ ಒಯ್ದು ಆಘ್ರಾಣಿಸಿದರೆ ಏನೂ ಇಲ್ಲ. ಪರೀಕ್ಷೆ ಶುರುಮಾಡಿದೆ.

ಮೊದಲು ಎರಡೂ ಬಾಟಲಿಗಳಲ್ಲಿ ನೀರಷ್ಟೇ ಇಟ್ಟು ಇಪ್ಪತ್ತು ನೊಣ ಬಿಟ್ಟೆ. ಹತ್ತು ಹತ್ತರ ಆಸುಪಾಸು ಬರಬೇಕಿತ್ತು. ಎಡಕ್ಕೆ ಹದಿನೇಳು ಹೋದವು. ಮತ್ತೆ ಇಪ್ಪತ್ತು, ಎಡಕ್ಕೆ ಹದಿನಾರು.

ಬೆಳಕಿನ ಕಿತಾಪತಿ ಎಂದುಕೊಂಡು ನಳಿಕೆಗೆ ರಟ್ಟಿನ ಗೂಡು ಹೊದಿಸಿದೆ. ಬದಲಾಗಲಿಲ್ಲ. ಮೇಜು ಓರೆಯಾಗಿದೆಯೇ ಎಂದು ಮಟ್ಟಗೋಲು ಇಟ್ಟು ನೋಡಿದೆ. ಓರೆಯಿರಲಿಲ್ಲ. ಆಮೇಲೆ ಇಡೀ ನಳಿಕೆಯನ್ನು ಮಗುಚಿ, ಎಡದ ಕೈಯನ್ನು ಬಲಕ್ಕೆ ತಂದು, ಬಾಟಲಿಗಳನ್ನು ಇದ್ದಲ್ಲೇ ಬಿಟ್ಟು ಕೊಳವೆ ಸಿಕ್ಕಿಸಿದೆ. ಆಗಲೂ ಎಡಕ್ಕೇ. ಅಂದರೆ ತಪ್ಪು ನಳಿಕೆಯದ್ದಲ್ಲ. ಬಾಟಲಿಗಳನ್ನು ಅದಲುಬದಲು ಮಾಡಿದೆ. ನೊಣಗಳು ಬಲಕ್ಕೆ ತಿರುಗಿದವು! ಬಾಟಲಿ ಹೋದಲ್ಲಿಗೆ ನೊಣ. ಕೊನೆಗೆ ಬಾಟಲಿಗಳನ್ನು ಇದ್ದಲ್ಲೇ ಬಿಟ್ಟು ಮುಚ್ಚಳಗಳನ್ನಷ್ಟೇ ಬದಲಿಸಿದೆ. ನೊಣಗಳು ಮುಚ್ಚಳದ ಹಿಂದೆ ಹೊರಟವು.

ಆ ಬಾಟಲಿಯನ್ನು ರಾತ್ರಿಯಿಡೀ ಬಿಗಿಯಾಗಿ ಮುಚ್ಚಿಟ್ಟು ಬೆಳಿಗ್ಗೆ ತೆರೆದೆ. ಮೂಗಿಗೆ ಎಳೆಯಷ್ಟು ಹುಳಿ ತಾಗಿತು. ವಿನೆಗರ್.

ಸಾಮಾನ್ಯವಾಗಿ ಸಿಗುವ ಬಹಳಷ್ಟು ಸಿಲಿಕೋನ್ ಸೀಲಂಟುಗಳು ಗಾಳಿಯ ತೇವದೊಡನೆ ವರ್ತಿಸಿ ಗಟ್ಟಿಯಾಗುತ್ತವೆ, ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತವೆ. ವಿನೆಗರಿನ ಹುಳಿಯೂ ಅದೇ ಆಮ್ಲ. ನಾನು ಮೆತ್ತಿದ್ದು ದಪ್ಪ ಪದರ. ಮೇಲ್ಮೈ ಒಣಗಿದ್ದರೂ ಒಳಗು ಹಸಿಯಾಗಿಯೇ ಇತ್ತು. ಅದರ ಮೇಲೆ ನಾನು ಜೋಪಾನವಾಗಿ ತೇವ ತುಂಬಿದ ಗಾಳಿಯನ್ನು ಹಾಯಿಸುತ್ತಿದ್ದೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎನ್ನುತ್ತಾರೆ. ಇಲ್ಲಿ ಕಳ್ಳನ ಮೈಯೇ ಹುಳ್ಳಗಿತ್ತು.

ಎರಡು ದಿನ ಬಿಟ್ಟದ್ದರಿಂದ ಕೆಲಸ ಇನ್ನಷ್ಟು ಕೆಟ್ಟಿತ್ತು ಎಂಬುದು ಆಮೇಲೆ ಹೊಳೆಯಿತು. ವಿನೆಗರಿನ ವಾಸನೆ ತೆಳ್ಳಗಿದ್ದಾಗ ನೊಣದ ಕುಡಿಮೀಸೆಯಲ್ಲಿ ಓಆರ್42ಬಿ ಮತ್ತು ಓಆರ್92ಎ ಎಂಬ ಗ್ರಾಹಕಗಳಿರುವ, ಅಂದರೆ ವಾಸನೆಯ ಅಣುಗಳನ್ನು ಹಿಡಿಯುವ ಪ್ರೋಟೀನುಗಳಿರುವ, ನರಕೋಶಗಳು ಎಚ್ಚೆತ್ತು ಅದನ್ನು ಹತ್ತಿರಕ್ಕೆ ಎಳೆಯುತ್ತವೆ. ವಾಸನೆ ಗಾಢವಾದರೆ ಓಆರ್85ಎ ಇರುವ ಕೋಶಗಳೂ ಸೇರಿಕೊಳ್ಳುತ್ತವೆ, ಆಗ ಆ ಸೆಳೆತ ಇಳಿದುಹೋಗುತ್ತದೆ. 2009ರಲ್ಲಿ ಇದನ್ನು ತೋರಿಸಿದ್ದಾರೆ. ಘಾಟು ಹೋಗಲಿ ಎಂದು ಕಾದು ನಾನು ನೊಣಕ್ಕೆ ಹಿತವಾಗುವ ಹದಕ್ಕೆ ತಂದಿಟ್ಟಿದ್ದೆ.

ದುರಸ್ತಿ ಸರಳ. ಸೀಲಂಟನ್ನು ಬ್ಲೇಡಿನಿಂದ ಕೆರೆದು ಮುಚ್ಚಳವನ್ನೇ ಎಸೆದೆ. ರಬ್ಬರ್ ಬಿರಡೆಗೆ ರಂಧ್ರ ಕೊರೆದು ಗಾಜಿನ ಕೊಳವೆ ತೂರಿಸಿ, ಕೀಲುಗಳಿಗೆ ನಲ್ಲಿ ಜೋಡಿಸುವವರು ಸುತ್ತುವ ಬಿಳಿ ಟೆಫ್ಲಾನ್ ಟೇಪ್ ಸುತ್ತಿದೆ. ಎಲ್ಲವನ್ನೂ ಬಿಸಿನೀರಿನಲ್ಲಿ ತೊಳೆದು, ಮದ್ಯಸಾರದಲ್ಲಿ ಜಾಲಾಡಿ ಇಟ್ಟೆ. ಆ ಸಂಜೆಯೇ ಅವಸರದಿಂದ ನೊಣ ಬಿಟ್ಟರೆ ಮತ್ತೆ ಪಕ್ಷಪಾತ. ಬ್ಯಾರೋಸ್ ಎಂಬ ಸಂಶೋಧಕ 1907ರಲ್ಲೇ ಈ ನೊಣಗಳನ್ನು ಸೆಳೆಯುವ ವಸ್ತುಗಳನ್ನು ಪರೀಕ್ಷಿಸಿದ್ದ, ಅದರಲ್ಲಿ ಅಸಿಟಿಕ್ ಆಮ್ಲದ ಜೊತೆ ಮದ್ಯಸಾರವೂ ಇತ್ತು. ನೂರು ವರ್ಷಕ್ಕೂ ಹಳೆಯ ಪಾಠ, ಅದನ್ನು ಓದಿಯೂ ಇದ್ದೆ. ಅಲ್ಲಿಂದ ಮುಂದೆ ಮದ್ಯಸಾರದಲ್ಲಿ ತೊಳೆದ ಗಾಜನ್ನು ಒಲೆಯ ಬಿಸಿಯಿಂದ ದೂರ ಗಾಳಿಗೆ ಆರಿಸಿ, ಪೂರಾ ಒಣಗಿದ ಮೇಲೆ ಓವನ್ನಿನಲ್ಲಿ ಒಂದು ಗಂಟೆ ಕಾಯಿಸದೆ ಬಳಸಿಲ್ಲ. ಬರೀ ನೀರಿನ ಪರೀಕ್ಷೆಯಲ್ಲಿ ಈಗ ಹನ್ನೊಂದು, ಒಂಬತ್ತು ಬಂತು.

ಇನ್ನೊಂದು ಸಣ್ಣ ಬದಲಾವಣೆ. ನೊಣಗಳನ್ನು ಬಾಯಿಂದ ಹೀರುವ ಕೊಳವೆಯಲ್ಲಿ ಹಿಡಿದು ನಳಿಕೆಗೆ ಉಫ್ ಎಂದು ಊದಿ ಬಿಡುತ್ತಿದ್ದೆ. ಊದಿದ ಕೂಡಲೇ ಅವು ಗಾಬರಿಯಾಗಿ ಮೂಲೆ ಹಿಡಿಯುತ್ತಿದ್ದವು. ನಾವು ಬಿಡುವ ಉಸಿರಿನಲ್ಲಿ ಶೇಕಡಾ ನಾಲ್ಕರಷ್ಟು ಇಂಗಾಲದ ಡೈಆಕ್ಸೈಡ್ ಇರುತ್ತದೆ, ನಡೆದಾಡುವ ನೊಣ ಅದನ್ನು ಕಂಡರೆ ದೂರ. ಬಾಟಲಿ ಕುಲುಕಿದರೆ ಹೆದರಿದ ನೊಣಗಳೇ ಈ ಅನಿಲವನ್ನು ಹೆಚ್ಚಾಗಿ ಬಿಡುತ್ತವೆ, ಆ ವಾಸನೆಗೆ ಉಳಿದವು ಓಡುತ್ತವೆ ಎಂದು 2004ರಲ್ಲಿ ಗೊತ್ತಾಯಿತು. ಈಗ ಊದುವುದೂ ಇಲ್ಲ, ಕುಲುಕುವುದೂ ಇಲ್ಲ. ಬಾಟಲಿಯನ್ನು ನಳಿಕೆಯ ಕೆಳಗೆ ಸಿಕ್ಕಿಸಿ ಸುಮ್ಮನಿದ್ದರೆ ತಾವಾಗಿಯೇ ಮೇಲೆ ಹತ್ತುತ್ತವೆ. ಮೇಲಕ್ಕೆ ಹತ್ತುವುದು ಅವುಗಳ ಹುಟ್ಟುಗುಣ.

ಮೊಟ್ಟೆಯ ಪೆಟ್ಟಿಗೆ

ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳದಲ್ಲಿ ಬಲೆ ಬಟ್ಟೆ, ತಳದಲ್ಲಿ ಎರಡು ಚಿಕ್ಕ ತಟ್ಟೆ. ಎರಡರಲ್ಲೂ ಅಗರ್. ಒಂದಕ್ಕೆ ಮಾತ್ರ ಕೆಲವು ಹನಿ ಅಸಿಟಿಕ್ ಆಮ್ಲ. ಎರಡು ದಿನ ಗಂಡುಗಳ ಜೊತೆಗಿಟ್ಟು ಯೀಸ್ಟ್ ತಿನ್ನಿಸಿದ ಹತ್ತು ಹೆಣ್ಣುಗಳನ್ನು ಸಂಜೆ ಒಳಗೆ ಬಿಟ್ಟೆ. ಯೀಸ್ಟ್ ಕೊಡದೆ ಮೊಟ್ಟೆ ಕೇಳಬಾರದು.

ಬೆಳಿಗ್ಗೆ ತಟ್ಟೆಯನ್ನು ಕಪ್ಪು ಕಾಗದದ ಮೇಲಿಟ್ಟು ಓರೆಯಾಗಿ ಟಾರ್ಚ್ ಹಿಡಿದೆ. ಅರ್ಧ ಮಿಲಿಮೀಟರಿನ ಬಿಳಿ ಕಾಳುಗಳು ಅಗರಿನೊಳಗೆ ಓರೆಯಾಗಿ ನೆಟ್ಟಿದ್ದವು. ಪ್ರತಿಯೊಂದರ ತುದಿಯಲ್ಲೂ ಎರಡು ಎಳೆಗಳು ಮೇಲಕ್ಕೆ ಚಾಚಿಕೊಂಡಿದ್ದವು. ಮೊಟ್ಟೆ ಮುಳುಗಿದರೂ ಉಸಿರಾಟಕ್ಕೆ ಅವು ಹೊರಗಿರಬೇಕು. ಆಮ್ಲದ ತಟ್ಟೆಯಲ್ಲಿ 143, ಸಾದಾ ತಟ್ಟೆಯಲ್ಲಿ 38.

ಹುಳಿಯೆಂದರೆ ಹುಡುಕಿಕೊಂಡು ಬರುವ ಜೀವ, ಸರಿಯೇ ಇದೆ ಎಂದುಕೊಂಡೆ. ಸಂಜೆಯಿಂದ ಐದು ನಿಮಿಷಕ್ಕೊಮ್ಮೆ ಮೊಬೈಲ್ ತೆಗೆದ ಚಿತ್ರಗಳನ್ನು ನೋಡಿದಾಗ ತಲೆ ಕೆಟ್ಟಿತು. ಚಿತ್ರ ಚಿತ್ರದಲ್ಲೂ ನೊಣಗಳು ಕೂತಿದ್ದು ಸಾದಾ ತಟ್ಟೆಯ ಕಡೆ. ಮೊಟ್ಟೆ ಮಾತ್ರ ಆಚೆಗೆ. ತಟ್ಟೆಗಳ ಚೀಟಿ ಅದಲುಬದಲಾಗಿದೆ ಎಂದು ಖಾತ್ರಿಯಾಗಿ, ಎಲ್ಲವನ್ನೂ ಬಿಸಾಡಿ, ಮರುದಿನ ಹೊಸದಾಗಿ ಮಾಡಿದೆ. ಅದೇ ಕತೆ.

ತಪ್ಪಿದ್ದು ಚೀಟಿಯಲ್ಲ, ನನ್ನ ತರ್ಕ. ಮೊಟ್ಟೆ ಇಡುವ ಹೆಣ್ಣಿಗೆ ಅಸಿಟಿಕ್ ಆಮ್ಲದ ಬಗ್ಗೆ ಏಕಕಾಲಕ್ಕೆ ಎರಡು ಅಭಿಪ್ರಾಯಗಳಿವೆ. ಹೆಚ್ಚು ಹೊತ್ತು ಅಲ್ಲಿ ನಿಲ್ಲಲು ಅದಕ್ಕೆ ಇಷ್ಟವಿಲ್ಲ, ಹಾಗೆ ದೂರ ತಳ್ಳುವುದು ವಾಸನೆ. ಮೊಟ್ಟೆಗೆ ಅದೇ ಜಾಗ ಬೇಕು, ಅದನ್ನು ಹೇಳುವುದು ಮುಖ್ಯವಾಗಿ ರುಚಿ. 2009ರ ಪ್ರಯೋಗವೊಂದರಲ್ಲಿ ಕುಡಿಮೀಸೆಯನ್ನು ತೆಗೆದಾಗ ದೂರ ನಿಲ್ಲುವುದು ಹೋಯಿತು, ಅಲ್ಲೇ ಮೊಟ್ಟೆ ಇಡುವುದು ಉಳಿಯಿತು. ನನ್ನ ಚಿತ್ರಗಳಲ್ಲೂ ಹುಡುಕಿದರೆ ಅದೇ ಕಾಣುತ್ತಿತ್ತು. ಒಂದು ಹೆಣ್ಣು ಆಮ್ಲದ ಅಂಚಿಗೆ ಬಂದು ಹೊಟ್ಟೆ ಬಾಗಿಸಿ ನಿಂತಿದೆ, ಮುಂದಿನ ಚಿತ್ರದಲ್ಲಿ ಇಲ್ಲ. ಕೆಲಸ ಮುಗಿಸಿಕೊಂಡು ಎದ್ದು ಹೋಗಿದೆ. ಹೀಗಾಗಿ ಪೆಟ್ಟಿಗೆ ಕಟ್ಟುವವರಿಗೆ ಒಂದು ಮಾತು: ಮೊಟ್ಟೆ ಎಣಿಸುವುದೇ ಬೇರೆ, ನೊಣ ಎಣಿಸುವುದೇ ಬೇರೆ, ಎರಡನ್ನೂ ಎಣಿಸಿ.

ಕಿತ್ತಳೆ ಸಿಪ್ಪೆಯದ್ದು ಬೇಗ ಮುಗಿಯಿತು. ಮುಟ್ಟಿ ರುಚಿ ನೋಡಲು ಆಗದಂತೆ ಸಿಪ್ಪೆಯ ಚೂರನ್ನು ಬಲೆಯ ಕೆಳಗಿಟ್ಟು, ಅದರ ಮೇಲೆ ಅಗರ್ ತಟ್ಟೆ ಇಟ್ಟರೂ ಮೊಟ್ಟೆಗಳು ಆ ಕಡೆಗೇ ಹೆಚ್ಚು ಬಿದ್ದವು. ಕಿತ್ತಳೆ ಜಾತಿಯ ಹಣ್ಣುಗಳ ಲಿಮೊನೀನ್‌ನಂಥ ವಾಸನೆಯನ್ನು ಓಆರ್19ಎ ಎಂಬ ಒಂದೇ ಗ್ರಾಹಕ ಹಿಡಿದು ಮೊಟ್ಟೆಯ ಜಾಗ ತೋರಿಸುತ್ತದೆ ಎಂದು 2013ರಲ್ಲಿ ಕಂಡುಕೊಂಡರು. ಈ ನೊಣದ ಮರಿಹುಳುಗಳೊಳಗೆ ತನ್ನ ಮೊಟ್ಟೆ ತೂರಿಸುವ ಕಣಜವೊಂದಕ್ಕೆ ಅದೇ ವಾಸನೆ ಆಗದು. ತಾಯಿ ಜಾಣೆ.

ಒಂದು ತಟ್ಟೆಗೆ ಬೂಷ್ಟು ಹತ್ತಿತು, ಅದರಲ್ಲಿ ಒಂದು ಮೊಟ್ಟೆಯೂ ಇರಲಿಲ್ಲ. ಒಂದೇ ತಟ್ಟೆಯಿಂದ ಏನನ್ನೂ ಸಾಧಿಸಲಾಗದು ಎಂದು ಎಸೆದೆ. ಆದರೂ ಹೇಳಿಬಿಡುತ್ತೇನೆ. ಕೆಲವು ಬೂಷ್ಟು ಮತ್ತು ಬ್ಯಾಕ್ಟೀರಿಯಾ ಬಿಡುವ ಜಿಯೋಸ್ಮಿನ್ ಎಂಬ ವಸ್ತುವಿಗಾಗಿಯೇ ಈ ನೊಣದಲ್ಲಿ ಓಆರ್56ಎ ಎಂಬ ಗ್ರಾಹಕವಿದೆ. ಅದು ಮಿಡಿದರೆ ಹೆಣ್ಣು ಅಲ್ಲಿ ಮೊಟ್ಟೆ ಇಡಲು ಹಿಂಜರಿಯುತ್ತದೆ. ಒಣನೆಲಕ್ಕೆ ಮೊದಲ ಮಳೆ ಬಿದ್ದಾಗ ನಾವು ಎದೆ ತುಂಬ ಎಳೆದುಕೊಳ್ಳುವ ಮಣ್ಣಿನ ವಾಸನೆಯಲ್ಲಿ ಇರುವುದೂ ಜಿಯೋಸ್ಮಿನ್ನೇ.

ನಾಲ್ಕನೆಯ ವಾರ ಪೆಟ್ಟಿಗೆ ಮತ್ತೆ ಹಟ ಹಿಡಿಯಿತು. ಎರಡೂ ತಟ್ಟೆ ಸಾದಾ ಇಟ್ಟರೂ ಒಂದೇ ಮೂಲೆಗೆ ಮೊಟ್ಟೆ. ಈ ಸಲ ಸೀಲಂಟ್ ಇರಲಿಲ್ಲ. ಆದರೆ ಹಿಂದಿನ ತಂಡ ಗುಂಪುಗೂಡಿದ್ದ ಮೂಲೆ ಅದೇ. ಡಬ್ಬಿಯನ್ನು ನೀರಿನಲ್ಲಿ ಅಲುಬಿದ್ದೆನೇ ಹೊರತು ತಿಕ್ಕಿರಲಿಲ್ಲ. ಇದಕ್ಕೆ ಕಾರಣ ಸರಿಯಾಗಿ ತಿಳಿದದ್ದು ಮೂರನೆಯ ಸಲಕರಣೆಯಿಂದ.

ಜೋಡಿ ಕೂಡಿಸುವ ಕೋಣೆ

ಅಕ್ರಿಲಿಕ್ ಹಲಗೆಯಲ್ಲಿ ಒಂದು ಸೆಂಟಿಮೀಟರ್ ಅಗಲದ ದುಂಡು ತೂತು ಕೊರೆದು, ಮೇಲೆ ಕೆಳಗೆ ಗಾಜು ಮುಚ್ಚಿದೆ. ಒಳಗೆ ಒಂದು ಗಂಡು, ಇನ್ನೂ ಕೂಡದ ಒಂದು ಹೆಣ್ಣು.

ಮೊದಲ ಜೋಡಿಯನ್ನು ನೋಡುತ್ತ ಕಾಫಿ ಆರಿಹೋಯಿತು. ಗಂಡು ಮೊದಲು ತನ್ನ ಪಾಡಿಗೆ ಗೋಡೆ ಸುತ್ತುತ್ತಿತ್ತು. ಹೆಣ್ಣು ಎದುರಾದಾಗ ಗಕ್ಕನೆ ನಿಂತು ಅದರ ಕಡೆ ತಿರುಗಿತು. ಹೆಣ್ಣು ಎರಡು ಹೆಜ್ಜೆ ಸರಿದರೆ ಗಂಡೂ ಎರಡು ಹೆಜ್ಜೆ. ಮುಂಗಾಲು ಚಾಚಿ ಹೆಣ್ಣಿನ ಹೊಟ್ಟೆಯನ್ನು ಬೆರಳ ತುದಿಯಿಂದ ಬಾಗಿಲು ತಟ್ಟಿದಂತೆ ತಟ್ಟಿತು. ಆಮೇಲೆ ಒಂದೇ ಒಂದು ರೆಕ್ಕೆಯನ್ನು ಪಕ್ಕಕ್ಕೆ ಚಾಚಿ ನಡುಗಿಸತೊಡಗಿತು. ಅದು ಅದರ ಹಾಡು, ನಮ್ಮ ಕಿವಿಗೆ ಕೇಳದು. ಹಿಂದೆ ಬಂದು ನಾಲಿಗೆಯಂಥ ಬಾಯಿಂದ ನೆಕ್ಕಿತು, ಹೊಟ್ಟೆ ಬಾಗಿಸಿ ಏರಲು ಹೋಗಿ ಜಾರಿತು, ಮತ್ತೆ ಮೊದಲಿನಿಂದ. ಏಳನೆಯ ನಿಮಿಷಕ್ಕೆ ಹೆಣ್ಣು ನಿಂತು ರೆಕ್ಕೆ ಬಿಡಿಸಿತು. ಕೂಡಿದ್ದು ಹತ್ತೊಂಬತ್ತು ನಿಮಿಷ.

ಆ ಕಾಲಿನ ತಟ್ಟುವಿಕೆ ಬರೀ ಶಾಸ್ತ್ರಕ್ಕಲ್ಲ, ಅದು ರುಚಿ ನೋಡುವುದು. ಹೆಣ್ಣಿನ ಮೈಮೇಲಿನ ಮೇಣದಲ್ಲಿ 7,11-ಹೆಪ್ಟಕೋಸಡೈಯೀನ್ ಇರುತ್ತದೆ, ಅದು ಗಂಡನ್ನು ಹುರಿದುಂಬಿಸುತ್ತದೆ. ಗಂಡಿನ ಮೈಮೇಲೆ 7-ಟ್ರೈಕೋಸೀನ್, ಅದು ಇನ್ನೊಂದು ಗಂಡಿಗೆ ಇಲ್ಲಿ ನಿನಗೆ ಕೆಲಸವಿಲ್ಲ ಎನ್ನುತ್ತದೆ.

ಎರಡನೆಯ, ಮೂರನೆಯ ಜೋಡಿಗಳನ್ನು ಅದೇ ಕೋಣೆಗೆ ಬಿಟ್ಟೆ. ಗಂಡುಗಳು ಮಂಕು. ತಿರುಗುವುದು, ಒಮ್ಮೆ ತಟ್ಟುವುದು, ಹೊರಟುಹೋಗುವುದು. ಹೊಸ ಕೋಣೆ ಕೊರೆದು ಬಿಟ್ಟರೆ ಚುರುಕು. ಅಲ್ಲಿಗೆ ಅರ್ಥವಾಯಿತು. ಗಂಡಿನ ವೀರ್ಯನಾಳದ ಉಬ್ಬಿನಲ್ಲಿ ಸಿಸ್-ವ್ಯಾಕ್ಸೆನೈಲ್ ಅಸಿಟೇಟ್ ಎಂಬ ಫೆರೊಮೋನ್, ಅಂದರೆ ತನ್ನ ಜಾತಿಯವಕ್ಕೆ ಸುದ್ದಿ ಮುಟ್ಟಿಸುವ ವಸ್ತು, ತಯಾರಾಗುತ್ತದೆ, ಕೂಡುವಾಗ ಹೆಣ್ಣಿಗೆ ದಾಟುತ್ತದೆ. ಕೂಡಿಬಂದ ಹೆಣ್ಣು ಗಂಡಿನ ವಾಸನೆ ಹೊತ್ತಿರುತ್ತದೆ. ಗಂಡಿನಲ್ಲೂ ಹೆಣ್ಣಿನಲ್ಲೂ ಅದನ್ನು ಹಿಡಿಯುವುದು ಓಆರ್67ಡಿ ಎಂಬ ಒಂದೇ ಗ್ರಾಹಕ, ಪರಿಣಾಮ ಮಾತ್ರ ತಿರುವುಮುರುವು. ಗಂಡಿನ ಉತ್ಸಾಹ ಇಳಿಯುತ್ತದೆ, ಹೆಣ್ಣು ಒಲಿಯುವುದು ಹೆಚ್ಚುತ್ತದೆ. 2007ರ ಶೋಧ ಇದು. ಆಹಾರದ ವಾಸನೆಯ ಜೊತೆ ಸೇರಿದರೆ ಅದೇ ವಸ್ತು ಎಲ್ಲ ನೊಣಗಳನ್ನೂ ಒಂದೆಡೆ ಗುಂಪುಗೂಡಿಸುತ್ತದೆ ಎಂಬುದು 1985ರಷ್ಟು ಹಳೆಯದು. ಮೊಟ್ಟೆಯ ಪೆಟ್ಟಿಗೆಯ ಮೂಲೆಗೂ ಉತ್ತರ ಅಲ್ಲೇ ಸಿಕ್ಕಿತು.

ಸರಿ, ಅಕ್ರಿಲಿಕ್ ಕೋಣೆಯನ್ನು ಮದ್ಯಸಾರದಲ್ಲಿ ಅದ್ದಿದೆ. ಹತ್ತು ನಿಮಿಷದಲ್ಲಿ ಕೊರೆದ ಅಂಚಿನ ಸುತ್ತ ಕೂದಲೆಳೆಯ ಬಿರುಕುಗಳು ಸೂರ್ಯನ ಕಿರಣಗಳಂತೆ ಹರಡಿದವು. ಕೊರೆದು ಒತ್ತಡಕ್ಕೊಳಗಾದ ಅಕ್ರಿಲಿಕ್‌ಗೆ ಮದ್ಯಸಾರ ತಾಗಬಾರದು. ಈ ಪಾಠಕ್ಕೆ ನಾಲ್ಕು ಕೋಣೆ ದಂಡ ತೆತ್ತೆ.

ಈಗಿರುವ ಕೋಣೆಯ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯಿದೆ. ಸೂಕ್ಷ್ಮದರ್ಶಕದ ಗಾಜಿನ ಪಟ್ಟಿ, ಅದರ ಮೇಲೆ ಒಂದರ ಮೇಲೊಂದು ಎರಡು ಸ್ಟೀಲ್ ವಾಷರ್, ಮೇಲೆ ಇನ್ನೊಂದು ಗಾಜಿನ ಪಟ್ಟಿ, ಎರಡು ಕಡೆ ಕಾಗದದ ಕ್ಲಿಪ್. ವಾಷರಿನ ತೂತೇ ಕೋಣೆ. ಅಂಟಿಲ್ಲ, ಪ್ಲಾಸ್ಟಿಕ್ ಇಲ್ಲ, ಕುದಿಸಬಹುದು, ಕಾಯಿಸಬಹುದು. ವಾಷರಿಗೆ ಕಾರ್ಖಾನೆಯ ಎಣ್ಣೆ ಅಂಟಿರುತ್ತದೆ, ಸೋಪಿನಲ್ಲಿ ಎರಡು ಸಲ ತಿಕ್ಕಬೇಕು. ತಳದಲ್ಲಿ ಸಾಸಿವೆ ಕಾಳಿನಷ್ಟು ಆಹಾರ ಇಟ್ಟರೆ ಗಂಡು ಇನ್ನೂ ಬೇಗ ಶುರುಮಾಡುತ್ತದೆ. ಹಣ್ಣಿನಲ್ಲಿರುವ ಫಿನೈಲ್ ಅಸಿಟಿಕ್ ಆಮ್ಲದ ವಾಸನೆಯನ್ನು ಹಿಡಿಯುವ ಐಆರ್84ಎ ಗ್ರಾಹಕ ಗಂಡಿನ ಒಲಿಸುವಿಕೆಯನ್ನೇ ಹೆಚ್ಚಿಸುತ್ತದೆ ಎಂದು 2011ರಲ್ಲಿ ತೋರಿಸಿದ್ದಾರೆ. ಊಟವಿರುವ ಕಡೆ ಮದುವೆಯ ಮಾತು, ಅಷ್ಟೆ.

ಕೊನೆಯ ವಾರ

ನನ್ನ ಮೂಗಿನ ಮೇಲೆ ನಂಬಿಕೆ ಕಳೆದುಕೊಂಡಿದ್ದಾಗ ಇನ್ನೊಂದು ವಿಷಯ ಓದಿದೆ. ಹೆಣ್ಣು ನೊಣದ ಆ 7,11-ಹೆಪ್ಟಕೋಸಡೈಯೀನ್ ಒಡೆದಾಗ 4-ಅಂಡೆಸಿನಾಲ್ ಎಂಬ ಹಗುರ ವಸ್ತು ಹುಟ್ಟಿ ಗಾಳಿಗೆ ಸೇರುತ್ತದೆ. ಲೋಟಕ್ಕೆ ಒಂದು ನ್ಯಾನೋಗ್ರಾಂ ಬೆರೆತರೂ ವೈನ್ ರುಚಿಗಾರರು ಅದನ್ನು ಹಿಡಿದರು ಎಂದು 2018ರ ಅಧ್ಯಯನ ಹೇಳುತ್ತದೆ. ವೈನಿಗೆ ಹೆಣ್ಣು ನೊಣ ಬಿದ್ದರೆ ಮನುಷ್ಯನಿಗೆ ಗೊತ್ತಾಗುತ್ತದೆ, ಗಂಡು ಬಿದ್ದರೆ ಅಷ್ಟಾಗಿ ಇಲ್ಲ.

ಕಾಯಿಸಿ ಆರಿಸಿದ ಎರಡು ಗಾಜಿನ ಲೋಟಗಳಲ್ಲಿ ರಾತ್ರಿಯಿಡೀ ಐದು ಹೆಣ್ಣು, ಐದು ಗಂಡು ಬೇರೆ ಬೇರೆ ಇಟ್ಟು, ಬೆಳಿಗ್ಗೆ ನೊಣ ತೆಗೆದೆ. ಮಗಳು ನನ್ನ ಬೆನ್ನ ಹಿಂದೆ ಲೋಟಗಳನ್ನು ಅದಲುಬದಲು ಮಾಡಿ ಚೀಟಿ ಬರೆದಿಟ್ಟುಕೊಂಡಳು. "ಅಪ್ಪಾ, ಎರಡೂ ಖಾಲಿ ಲೋಟ. ಏನು ಮೂಸುತ್ತೀರಿ?" ಎಂದಳು. ಒಂದರಲ್ಲಿ ಏನೂ ಇಲ್ಲ. ಇನ್ನೊಂದರಲ್ಲಿ ಬಹಳ ದಿನ ಮುಚ್ಚಿಟ್ಟ ಎಣ್ಣೆಯ ಸೀಸೆಯಂಥದ್ದೇನೋ ಮೂಗಿಗೆ ಬಂದು ಹೋಯಿತು. ಇದೇ ಹೆಣ್ಣುಗಳ ಲೋಟ ಎಂದೆ. ಆರು ಸಲ ಕೇಳಿದಳು, ಐದು ಸಲ ಸರಿಯಾಯಿತು. ಆರನೆಯ ಸಲ ಲೋಟವನ್ನು ನನ್ನ ಮುಂದೆ ಹಿಡಿದವಳು ಆಗಷ್ಟೇ ಸೋಪು ಹಚ್ಚಿ ಕೈ ತೊಳೆದುಕೊಂಡು ಬಂದಿದ್ದಳು.